ಏಪ್ರಿಲ್ ತಿಂಗಳಲ್ಲಿ, ಮಕ್ಕಳೊಂದಿಗೆ, ಆನೆಗೊಂದಿಗೆ

ಏಪ್ರಿಲ್ ಬಂತೆಂದರೆ ರಾಯಚೂರಿನಲ್ಲಿ ಯಾರು ಎದುರಾದರೂ ಕೇಳುವುದು ಒಂದೇ: "ಈ ಸಲ ಎಲ್ಲಿಗೆ?" ಊಟಿ, ಮಡಿಕೇರಿ, ಚಿಕ್ಕಮಗಳೂರು ಎಂಬ ಉತ್ತರ ಅವರ ಬಾಯಲ್ಲೇ ಸಿದ್ಧವಾಗಿರುತ್ತದೆ. ನಾನು ಹಂಪಿಯ ಎದುರು ದಡದ ಆನೆಗೊಂದಿಗೆ ಎಂದಾಗ ಕಚೇರಿಯಲ್ಲಿ ಪಕ್ಕದ ಮೇಜಿನವರು ಕನ್ನಡಕ ತೆಗೆದಿಟ್ಟು ನನ್ನ ಮುಖ ನೋಡಿದರು. ಬಿಸಿಲಿನಿಂದ ಬಿಸಿಲಿಗೆ ಯಾರಾದರೂ ರಜೆ ಹಾಕಿ ಹೋಗುತ್ತಾರೆಯೇ? ಅದೂ ಆರು ವರ್ಷದ ಮಗಳು, ಮೂರು ವರ್ಷದ ಮಗ, ಮಂಡಿನೋವಿನ ತಾಯಿಯನ್ನು ಕರೆದುಕೊಂಡು?

ಹೋಗಬಹುದು ಎಂದಷ್ಟೇ ಅಲ್ಲ, ಹೋಗಬೇಕು ಎಂದೇ ನನಗೆ ಬಹಳ ಕಾಲದಿಂದ ಅನ್ನಿಸುತ್ತಿತ್ತು. ಹುಟ್ಟಿ ಬೆಳೆದ ನೆಲದಿಂದ ವರ್ಷಕ್ಕೊಮ್ಮೆ ಓಡಿಹೋಗುವುದೇ ರಜೆ ಎಂದು ಮಕ್ಕಳು ತಿಳಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬಿಸಿಲನಾಡು ಎಂದು ನಮ್ಮ ಜಿಲ್ಲೆಗಳನ್ನು ಕರೆಯುವವರು ಆ ಮಾತನ್ನು ಕನಿಕರದಿಂದ ಹೇಳುತ್ತಾರೆ. ಈ ಬಿಸಿಲಿನೊಳಗೇ ಸುಖವಾಗಿ ಬದುಕುವ ರೀತಿಯೊಂದಿದೆ, ಅದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ನನ್ನ ಮಕ್ಕಳಿಗೂ ಅದು ಮೈಗೂಡಬೇಕು.

ನಮ್ಮ ಭಾಗದಲ್ಲಿ ಸರ್ಕಾರವೂ ಸೂರ್ಯನಿಗೆ ಬಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊಲಕ್ಕೆ ಹೋಗುವವರು ಇನ್ನೂ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಟಿರುತ್ತಾರೆ. ಪ್ರವಾಸಕ್ಕೆ ಹೊರಟವರಿಗೆ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಗಾಡಿ ಹತ್ತುವುದು, ಹನ್ನೆರಡರ ಹೊತ್ತಿಗೆ ಕಾದ ಬಂಡೆಯ ಮೇಲೆ ಬರಿಗಾಲಿನ ಮಕ್ಕಳು. ಒಂದೇ ದಿನದಲ್ಲಿ ಏಳು ಜಾಗ ತೋರಿಸುತ್ತೇವೆ ಎಂದು ಹೇಳುವ ಗಾಡಿಯವರು ಬೇರೆ. ಮಗು ಅತ್ತರೆ "ಈ ಊರೇ ಇಷ್ಟು, ವಿಪರೀತ ಬಿಸಿಲು" ಎಂದು ಊರಿನ ಮೇಲೆ ತಪ್ಪು ಹೊರಿಸುತ್ತಾರೆ.

ಇನ್ನೊಂದು ಮಾತು ಹೇಳಬೇಕು. ಬಿಸಿಲೆಲ್ಲ ಒಂದೇ ಅಲ್ಲ. ನನ್ನ ತಂಗಿ ಮಂಗಳೂರಿನಲ್ಲಿದ್ದಾಳೆ. ಅಲ್ಲಿ ಉಷ್ಣಾಂಶ ನಮ್ಮಲ್ಲಿಗಿಂತ ಏಳೆಂಟು ಡಿಗ್ರಿ ಕಡಿಮೆ ಇದ್ದಾಗಲೂ ನೆರಳಿನಲ್ಲಿ ಕುಳಿತರೂ ಬೆವರು ಆರುವುದಿಲ್ಲ, ರಾತ್ರಿ ಮಕ್ಕಳು ಹೊರಳಾಡುತ್ತವೆ. ನಮ್ಮದು ಒಣ ಬಿಸಿಲು. ಗಾಳಿಯಲ್ಲಿ ತೇವವಿಲ್ಲದ ಕಾರಣ ಬೆವರು ಹುಟ್ಟಿದ ಕೂಡಲೇ ಆರುತ್ತದೆ, ಆರುವಾಗ ಮೈಯ ಕಾವನ್ನು ತೆಗೆದುಕೊಂಡು ಹೋಗುತ್ತದೆ. ಬೇವಿನ ಮರದ ಕೆಳಗೆ ಹೋದರೆ ನಿಜವಾಗಿಯೂ ತಂಪು ಸಿಗುತ್ತದೆ. ನಸುಕಿನ ಗಾಳಿ ನಿಜವಾಗಿಯೂ ತಣ್ಣಗಿರುತ್ತದೆ. ಅಪಾಯವೂ ಅಲ್ಲಿಯೇ ಅಡಗಿದೆ: ಬೆವರು ಕಣ್ಣಿಗೆ ಕಾಣದೆ ಆರುವುದರಿಂದ ಮಗುವಿನ ಮೈಯಿಂದ ಎಷ್ಟು ನೀರು ಹೋಯಿತೆಂದು ತಾಯಿಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ಬಾಯಾರಿಕೆ ಎಂದು ಅವರು ಕೇಳುವವರೆಗೆ ನಾನು ಕಾಯುವುದಿಲ್ಲ. ಆಟದ ನಡುವೆ ಕರೆದು ಕುಡಿಸುತ್ತೇನೆ, ಮೂತ್ರದ ಬಣ್ಣ ಗಾಢವಾಯಿತೇ ಎಂದು ನೋಡುತ್ತೇನೆ.

ನಸುಕಿನಲ್ಲಿ, ಮಕ್ಕಳು ನಿದ್ದೆಯಲ್ಲಿರುವಾಗಲೇ ಎತ್ತಿ ಕಾರಿನಲ್ಲಿ ಮಲಗಿಸಿ ಹೊರಟೆವು. ಮಾನ್ವಿ ದಾಟುವ ಹೊತ್ತಿಗೆ ಬೆಳಕು ಹರಿಯಿತು. ರಸ್ತೆಯ ಎರಡೂ ಬದಿಗೆ ಹತ್ತಿ ಬಿಡಿಸಿ ಮುಗಿದ ಕಪ್ಪು ಹೊಲಗಳು, ಬಿರುಕುಬಿಟ್ಟ ಎರೆಮಣ್ಣು. ಸಿಂಧನೂರು ಹತ್ತಿರವಾದಂತೆ ನೋಟವೇ ಬದಲಾಗುತ್ತದೆ: ಕಾಲುವೆ, ಕಾಲುವೆಯ ಬದಿಯಲ್ಲಿ ಭತ್ತದ ಗದ್ದೆ, ರಸ್ತೆಯ ಅಂಚಿನಲ್ಲಿ ಒಣಗಲು ಹರಡಿದ ಭತ್ತ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಯ ಬದುಕೇ ಬೇರೆಯಾಯಿತು. ಈಗ ತಾನೇ ಅಕ್ಷರ ಕೂಡಿಸಿ ಓದಲು ಕಲಿತಿರುವ ಮಗಳು ಪ್ರತಿ ಫಲಕವನ್ನೂ ಓದುತ್ತಿದ್ದಳು. "ಅಮ್ಮಾ, ಎಲ್ಲ ಊರಿನ ಹೆಸರಿನಲ್ಲೂ ಕ್ಯಾಂಪ್ ಕ್ಯಾಂಪ್ ಎಂದು ಏಕೆ ಇದೆ?" ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ರೈತರು ಬಂದು ಗುಡಿಸಲು ಹಾಕಿಕೊಂಡು ನಿಂತ ಜಾಗಗಳವು, ಗುಡಿಸಲು ಹೋಗಿ ಊರಾದರೂ ಹೆಸರು ಹಾಗೆಯೇ ಉಳಿಯಿತು ಎಂದು ಅವಳ ಅಪ್ಪ ಹೇಳಿದರು. ಸಿಂಧನೂರಿನ ಬಳಿಯೇ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಇವೆ. ಒಂದು ಕಾಲುವೆ ಎಷ್ಟು ದೂರದವರನ್ನು ಒಂದೆಡೆ ತಂದಿತು ಎಂದು ದೊಡ್ಡವರು ನಾವು ಮಾತನಾಡಿಕೊಂಡೆವು. ಮಗನಿಗೆ ಕಂಡದ್ದು ಭತ್ತ ಕೊಯ್ಯುವ ಯಂತ್ರ ಮಾತ್ರ. ಗಂಗಾವತಿ ಬರುವವರೆಗೆ ಅದನ್ನೇ ಹೇಳುತ್ತಿದ್ದ.

ಆನೆಗೊಂದಿಯಲ್ಲಿ ನಾವು ಉಳಿದದ್ದು ಹಳೆಯ ಮಾಳಿಗೆ ಮನೆಯಲ್ಲಿ. ಹವಾನಿಯಂತ್ರಣದ ಕೋಣೆಗಳೂ ಆ ಕಡೆ ಸಿಗುತ್ತವೆ. ನಾನು ಬೇಕೆಂದೇ ಇದನ್ನು ಆರಿಸಿದೆ. ಒಂದು ಮೊಳಕ್ಕಿಂತ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ. ಬೆಳಗಿನ ಬಿಸಿಲು ಗೋಡೆಯ ಹೊರಮೈಯನ್ನು ಕಾಯಿಸಲು ತೊಡಗಿದರೆ ಆ ಕಾವು ಒಳಮೈಗೆ ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹಾಗಾಗಿ ಮಧ್ಯಾಹ್ನ ಪಡಸಾಲೆ ತಂಪು, ರಾತ್ರಿ ಒಳಗೆ ಸೆಕೆ. ರಾತ್ರಿಯಾದೊಡನೆ ಎಲ್ಲರೂ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುವುದು ಇದರಿಂದಲೇ. ನಾನು ಬೆಳೆದ ಮನೆಯೂ ಇಂಥದ್ದೇ. ಈಗ ನಾವಿರುವ ಸಿಮೆಂಟಿನ ಮನೆಯಲ್ಲಿ ಮಧ್ಯಾಹ್ನವೂ ಸೆಕೆ, ರಾತ್ರಿಯೂ ಸೆಕೆ. ಮಗಳು ಹೊರಗೋಡೆಗೆ ಒಂದು ಕೈ, ಒಳಗೋಡೆಗೆ ಒಂದು ಕೈ ಮುಟ್ಟಿಸಿ ನೋಡಲು ಬಾಗಿಲಲ್ಲಿ ನಿಂತು ಎರಡೂ ಕಡೆ ತೋಳು ಚಾಚುತ್ತಿದ್ದಳು. ಎಟುಕದಿದ್ದಾಗ ತಮ್ಮನನ್ನು ಹೊರಗೆ ನಿಲ್ಲಿಸಿ "ಬಿಸಿಯಾಗಿದೆಯೇ?" ಎಂದು ಒಳಗಿನಿಂದ ಕೂಗಿ ಕೇಳುತ್ತಿದ್ದಳು.

ಅಂಜನಾದ್ರಿ ಬೆಟ್ಟಕ್ಕೆ ಹೋದ ದಿನ ಕತ್ತಲಿರುವಾಗಲೇ ಎದ್ದೆವು. ಶನಿವಾರ ಬೇಡ, ಹನುಮ ಜಯಂತಿಯ ಆಸುಪಾಸು ಖಂಡಿತ ಬೇಡ ಎಂದು ಮನೆಯೊಡತಿ ಮೊದಲೇ ಎಚ್ಚರಿಸಿದ್ದರು. ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಮಕ್ಕಳಿಗೆ ನಿಲ್ಲಲೂ ಜಾಗವಿರುವುದಿಲ್ಲವಂತೆ. ಒಟ್ಟು 575 ಮೆಟ್ಟಿಲು ಎನ್ನುತ್ತಾರೆ. ನನ್ನ ತಾಯಿ ಕೆಳಗೇ ಕುಳಿತು ಕೈಮುಗಿದರು. ಮಗ ನೂರರಷ್ಟು ಮೆಟ್ಟಿಲನ್ನು ಹಟ ಹಿಡಿದು ತಾನೇ ಹತ್ತಿ, ಆಮೇಲೆ ಅಪ್ಪನ ಹೆಗಲೇರಿದ. ಮಗಳು ಪೂರ್ತಿ ಹತ್ತಿದಳು. ಕೈಯಲ್ಲಿ ಏನೂ ಕಾಣಿಸುವಂತೆ ಹಿಡಿಯಬಾರದು ಎಂಬುದನ್ನು ಮಾತ್ರ ಮಕ್ಕಳಿಗೆ ಮೊದಲೇ ಕಲಿಸಿರಬೇಕು. ಕಿಷ್ಕಿಂಧೆಯ ಮಂಗಗಳಿಗೆ ಬಾಳೆಹಣ್ಣು, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಎಲ್ಲವೂ ತಮ್ಮದೇ. ಕುಡಿಯುವ ನೀರನ್ನು ಬೆನ್ನಿಗೆ ಹಾಕುವ ಚೀಲದೊಳಗಿಟ್ಟು, ನಿಂತಲ್ಲೆಲ್ಲ ಎರಡೆರಡು ಗುಟುಕು ಕುಡಿಸಿ, ಮತ್ತೆ ಚೀಲ ಮುಚ್ಚಿ ಮೇಲೇರಿದೆವು.

ತುದಿಯಲ್ಲಿ ಹನುಮಂತನ ಬಿಳಿಯ ಗುಡಿ. ಹುಟ್ಟಿದ ಜಾಗ ಇದೇ ಎಂಬ ನಂಬಿಕೆ ಇಲ್ಲಿನವರದು. ಕೆಳಗೆ ನೋಡಿದರೆ ತುಂಗಭದ್ರೆ ಬಂಡೆಗಳ ನಡುವೆ ಬಳುಕಿ ಹೋಗುತ್ತಾಳೆ. ಈ ದಡದಲ್ಲಿ ಬಾಳೆತೋಟ, ಭತ್ತದ ಗದ್ದೆ. ಆ ದಡದಲ್ಲಿ ದೂರಕ್ಕೆ ಹಂಪಿಯ ವಿರೂಪಾಕ್ಷನ ಗೋಪುರ. ಹಂಪಿಗೆ ಪ್ರಪಂಚವೇ ಬರುತ್ತದೆ, ಈ ದಡಕ್ಕೆ ಬರುವವರು ಕಡಿಮೆ. ಆದರೆ ವಿಜಯನಗರದ ಕಥೆ ಮೊದಲಾಗುವುದು ಈ ದಡದ ಆನೆಗೊಂದಿಯಿಂದಲೇ. ರಾಜಧಾನಿ ನದಿ ದಾಟಿ ಆ ಕಡೆ ಹೋದದ್ದು ಆಮೇಲೆ. ಈಗ ಜಿಲ್ಲೆಯ ಗಡಿಯೂ ನಡುವೆ ಇದೆ: ಆಚೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆ, ಈಚೆ ಕೊಪ್ಪಳ. ನದಿಯ ಈ ಹರಿವಿನಲ್ಲಿ ನೀರುನಾಯಿಗಳಿವೆ. ಅವುಗಳಿಗಾಗಿಯೇ 2015ರಲ್ಲಿ ಇದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಮಗಳಿಗೆ ನೀರುನಾಯಿ ಕಾಣಲಿಲ್ಲ. ಆದರೆ ಅಲ್ಲಿದೆ ಎಂದು ತಿಳಿದ ಮೇಲೆ ಪ್ರತಿ ಕಪ್ಪು ಕಲ್ಲನ್ನೂ ನೀರುನಾಯಿ ಎಂದೇ ತೋರಿಸಿದಳು.

ಅವಳ ನಿಜವಾದ ಪ್ರಶ್ನೆ ಬಂಡೆಗಳ ಬಗ್ಗೆ. "ಇಷ್ಟು ದೊಡ್ಡ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟವರು ಯಾರು?" ಆನೆಗೊಂದಿಯ ಸುತ್ತ ಈ ಪ್ರಶ್ನೆ ಕೇಳದ ಮಗುವಿಲ್ಲ. ಇಳಿದು ಬಂದ ಮೇಲೆ ಅಜ್ಜಿ, "ವಾನರರು ಆಟವಾಡಿ ಹಾಗೆಯೇ ಬಿಟ್ಟುಹೋದರು" ಎಂದರು. ನಾನು ಅವಳಿಗೆ ಒಂದು ಬಂಡೆಯನ್ನು ಹತ್ತಿರದಿಂದ ತೋರಿಸಿದೆ. ಬುಡದಲ್ಲಿ ಬಿಲ್ಲೆಯ ಆಕಾರದ ಚೂರುಗಳು ಉದುರಿ ಬಿದ್ದಿದ್ದವು. ಒಂದು ಚೂರನ್ನು ಎತ್ತಿ ಬಂಡೆಗೆ ಹೊಂದಿಸಿದರೆ ಬಾಗು ಸರಿಯಾಗಿ ಕೂಡಿತು. ಯಾರೂ ತಂದು ಇಟ್ಟದ್ದಲ್ಲ. ಇಡೀ ಗುಡ್ಡ ಒಂದೇ ಕಲ್ಲಾಗಿತ್ತು. ಅಡ್ಡಕ್ಕೂ ಉದ್ದಕ್ಕೂ ಸೀಳಿತು, ಸೀಳಿನೊಳಗೆ ನೀರು ಇಳಿದು ಮೂಲೆಗಳನ್ನು ಮೊದಲು ತಿಂದಿತು, ಈರುಳ್ಳಿಯ ಹಾಗೆ ಪದರ ಪದರವಾಗಿ ಸುಲಿದು ಉಂಡೆಯಾಯಿತು, ನಡುವಿನ ಪುಡಿಯನ್ನು ಮಳೆ ತೊಳೆದುಕೊಂಡು ಹೋಯಿತು. ಈ ಕಣಶಿಲೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಆ ಸಂಖ್ಯೆ ಅವಳಿಗೆ ಅರ್ಥವಾಗುವಂಥದ್ದಲ್ಲ, ನನಗೂ ಪೂರ್ತಿ ಅರ್ಥವಾಗುವುದಿಲ್ಲ. ಅವಳು ಆ ಚೂರನ್ನು ತಿರುಗಿಸಿ ಮುರುಗಿಸಿ ನೋಡಿದಳು: ಒಂದು ಮೈ ಬಿಸಿಲಿಗೆ ಕಂದು, ಒಡೆದ ಮೈಯಲ್ಲಿ ಗುಲಾಬಿ, ಬಿಳಿ, ಕಪ್ಪು ಕಾಳುಗಳು ಹೊಳೆಯುತ್ತಿದ್ದವು. ಎರಡು ಉತ್ತರಗಳಲ್ಲಿ ಅವಳು ಯಾವುದನ್ನೂ ಬಿಡಲಿಲ್ಲ. ವಾನರರು ಆಡುವಾಗ ಕಲ್ಲು ಸೀಳಿತು ಎಂದು ತೀರ್ಮಾನಿಸಿದಳು.

ಎಂಟೂವರೆಗೆಲ್ಲ ಮನೆಗೆ ಬಂದುಬಿಟ್ಟಿದ್ದೆವು. ನಾವು ಬಾಗಿಲಿಗೆ ಬರುವ ಹೊತ್ತಿಗೆ ಬೇರೆ ಊರುಗಳ ವಾಹನಗಳು ಗುಡ್ಡದ ಕಡೆಗೆ ಹೊರಟಿದ್ದವು.

ಮಧ್ಯಾಹ್ನದ ಬಗ್ಗೆ ನನಗೆ ಹೇಳಬೇಕಾದದ್ದು ಬಹಳ. ಬೇರೆಯವರು ವ್ಯರ್ಥ ಎಂದುಕೊಳ್ಳುವ ಆ ಹೊತ್ತೇ ನಮ್ಮ ರಜೆಯ ತಿರುಳು. ಹನ್ನೊಂದಕ್ಕೆ ಊರಿನ ಬೀದಿ ಖಾಲಿ. ಬಾಗಿಲುಗಳು ಅರ್ಧ ಮುಚ್ಚುತ್ತವೆ. ಒಮ್ಮೆ ಅಂಗಡಿಗೆಂದು ಕೊಡೆ ಹಿಡಿದು ಹೊರಟ ನನ್ನನ್ನು ಎದುರು ಮನೆಯ ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬರು ತಡೆದರು. "ಈಗ ಎಲ್ಲಿಗೆ ಹೊರಟೆ ತಾಯಿ? ನಾಯಿಯೂ ನೆರಳು ಬಿಟ್ಟು ಏಳುವ ಹೊತ್ತಲ್ಲ. ಏನು ಬೇಕು ಹೇಳು, ನಮ್ಮ ಮನೆಯಲ್ಲಿ ಇದ್ದೀತು." ಬೇಕಾಗಿದ್ದದ್ದು ನಿಂಬೆಹಣ್ಣು. ನಾಲ್ಕು ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಪಡಸಾಲೆಯ ಮೂಲೆಯಲ್ಲಿ ಮರಳಿನ ಮೇಲೆ ನೀರಿನ ಹರವಿ, ಅಂದರೆ ಮಣ್ಣಿನ ಕೊಡ, ಕೂರಿಸಿದ್ದರು, ಸುತ್ತ ಒದ್ದೆ ಬಟ್ಟೆ. ಮಗನಿಗೆ ಆ ಹರವಿಯೇ ಗೆಳೆಯ. ಹೊಟ್ಟೆಯ ಮೇಲೆ ಅಂಗೈಯಿಟ್ಟು, ತೇವವನ್ನು ಕೆನ್ನೆಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಡುತ್ತಿದ್ದ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಒಸರಿ ಆರುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಾಗುತ್ತದೆ, ನಿನ್ನ ಮೈಯೂ ಬೆವರಿ ತಣ್ಣಗಾಗುವುದು ಹೀಗೆಯೇ ಎಂದು ಮಗಳಿಗೆ ಹೇಳಿದೆ. "ಹಾಗಾದರೆ ಹರವಿಗೂ ನೀರು ಕುಡಿಸುತ್ತಲೇ ಇರಬೇಕಲ್ಲ" ಎಂದಳು. ಅಂದಿನಿಂದ ಬೆಳಿಗ್ಗೆ ಹರವಿ ತುಂಬಿಸುವ ಹೊಣೆ ಅವಳದು. ತಾನು ಒಂದು ಲೋಟ ಕುಡಿದು ಹರವಿಗೆ ಒಂದು ತಂಬಿಗೆ ಸುರಿಯುವುದು ಅವಳೇ ಮಾಡಿಕೊಂಡ ಕಟ್ಟಳೆ. ಗದರಿ ನೀರು ಕುಡಿಸುವ ಕೆಲಸ ನನಗೆ ಉಳಿಯಲಿಲ್ಲ.

ಊಟವಾದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದೆವು. ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳೇ ದಾಳ. ಅಜ್ಜಿ ಆಡುತ್ತಾ ಕಥೆ ಹೇಳುವರು. ಹೊರಗೆ ಇರುವ ಗುಡ್ಡಗಳೇ ಕಥೆಯೊಳಗೂ ಇರುವುದರಿಂದ ಮಕ್ಕಳಿಗೆ ಅದು ನೆರೆಮನೆಯ ಸುದ್ದಿ. ವಾಲಿ ಸುಗ್ರೀವರ ಕಾಳಗ ಬಂದಾಗ ಮಗಳು ಬೀಜ ಹಾಕುವುದನ್ನು ನಿಲ್ಲಿಸಿದಳು. "ರಾಮ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಅಜ್ಜಿ?" ನನ್ನ ತಾಯಿ ತಡವರಿಸಲಿಲ್ಲ. "ಬಿದ್ದ ವಾಲಿಯೂ ಇದನ್ನೇ ಕೇಳಿದನವ್ವ" ಎಂದು, ವಾಲಿ ಕೇಳಿದ್ದನ್ನೂ ರಾಮ ಹೇಳಿದ್ದನ್ನೂ ಎರಡನ್ನೂ ಹೇಳಿದರು. ಮಗಳು ವಾಲಿಯ ಪಕ್ಷ. ಅವಳ ಅಪ್ಪ ರಾಮನ ಪಕ್ಷ. ವಾದ ಸಂಜೆಯ ಚಹಾದವರೆಗೆ ನಡೆಯಿತು. ರಾಯಚೂರಿನ ಮನೆಯಲ್ಲಿ ಇಷ್ಟು ಹೊತ್ತು ನಾವೈವರೂ ಒಂದೇ ಕೋಣೆಯಲ್ಲಿ, ಯಾವ ಪರದೆಯನ್ನೂ ನೋಡದೆ ಕುಳಿತದ್ದು ನನಗೆ ನೆನಪಿಲ್ಲ.

ಒಂದು ಮಧ್ಯಾಹ್ನ ಮಗ ಸಪ್ಪಗಾದ. ಬೆಳಿಗ್ಗೆ ಪಂಪಾ ಸರೋವರದ ತಾವರೆಗಳನ್ನು ನೋಡಿ ಬಂದವನು ಊಟ ಬೇಡವೆಂದ, ತುಟಿ ಒಣಗಿತ್ತು, ಹಣೆ ಬೆಚ್ಚಗಿತ್ತು, ಬೆಳಗಿನಿಂದ ಮೂತ್ರ ಮಾಡಿದ್ದು ಒಂದೇ ಸಲ. ಚಿಕ್ಕ ಮಕ್ಕಳ ಮೈ ದೊಡ್ಡವರದಕ್ಕಿಂತ ಬೇಗ ಕಾಯುತ್ತದೆ, ಹಾಗಾಗಿ ಇಂಥ ಗುರುತುಗಳನ್ನು ಕಂಡ ಕೂಡಲೇ ಕೆಲಸ ಶುರುಮಾಡಬೇಕು. ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಕತ್ತು, ಕಂಕುಳು, ತೊಡೆಸಂದು ಒರೆಸಿ ಬೀಸಣಿಗೆ ಬೀಸಿದೆವು. ತಂದಿದ್ದ ಓಆರ್‌ಎಸ್ ಪೊಟ್ಟಣ ಕಲಸಿ ಚಮಚ ಚಮಚವಾಗಿ ಕುಡಿಸಿದೆ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಅಳತೆಯ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯನ್ನು ಪ್ರತಿ ತಾಯಿಯೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಉಪ್ಪು ಹೆಚ್ಚಾದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗುತ್ತದೆ. ಮಗು ಮಂಪರಾದರೆ, ವಾಂತಿ ನಿಲ್ಲದಿದ್ದರೆ, ಮೈ ಸುಡುತ್ತಲೇ ಇದ್ದರೆ ಮನೆಮದ್ದನ್ನು ನೆಚ್ಚಿ ಕೂರದೆ ನೇರ ಆಸ್ಪತ್ರೆಗೆ ಹೊರಡಬೇಕು. ಗಂಗಾವತಿ ಹತ್ತಿರದಲ್ಲಿರುವುದೂ ನಾನು ಈ ಊರನ್ನು ಆರಿಸಲು ಒಂದು ಕಾರಣ. ಅವನು ನಾಲ್ಕರ ಹೊತ್ತಿಗೆ ಮೂತ್ರ ಮಾಡಿ, ಮೊಸರನ್ನ ಕೇಳಿದ. ಆ ಸಂಜೆ ಎಲ್ಲಿಗೂ ಹೋಗಲಿಲ್ಲ.

ನದಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬೇಸಿಗೆಯ ತುಂಗಭದ್ರೆ ಬಡಕಲಾಗಿ, ಸಾಧುವಾಗಿ ಕಾಣುತ್ತಾಳೆ. ಆದರೆ ಬಂಡೆಗಳ ನಡುವಿನ ಮಡುಗಳ ಆಳ ಮೇಲಿನಿಂದ ತಿಳಿಯುವುದಿಲ್ಲ, ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಮೊಸಳೆಗಳೂ ಇವೆ. ಮಕ್ಕಳ ಪಾದವನ್ನು ಕೂಡ ನಾನು ನದಿಯಲ್ಲಿ ಅದ್ದಿಸಲಿಲ್ಲ. ನೀರಾಟಕ್ಕೆ ಪರಿಚಯದವರ ಬಾಳೆತೋಟದ ಪಂಪ್‌ಸೆಟ್ ತೊಟ್ಟಿ ಇತ್ತು. ಮೊಣಕಾಲುದ್ದದ ನೀರು, ಮೇಲೆ ಬಾಳೆ ಎಲೆಗಳ ನೆರಳು. ಇಬ್ಬರನ್ನೂ ಅಲ್ಲಿಂದ ಹೊರಗೆ ಎಬ್ಬಿಸುವುದೇ ಕಷ್ಟವಾಯಿತು.

ಹರಿಗೋಲು ಹತ್ತಿದ್ದು ಸಾಣಾಪುರದ ಕೆರೆಯಲ್ಲಿ, ಸಂಜೆ ಐದೂವರೆಯ ನಂತರ. ಎಡದಂಡೆ ಕಾಲುವೆಯ ನೀರು ಬಂದು ನಿಲ್ಲುವ ಕೆರೆ ಅದು, ಸುತ್ತಲೂ ಬಂಡೆಯ ಗುಡ್ಡ. ಮಕ್ಕಳ ಅಳತೆಯ ಜೀವರಕ್ಷಕ ಅಂಗಿ ಇದೆಯೇ ಎಂದು ಮೊದಲು ಕೇಳಿದೆ. ದೊಡ್ಡವರದನ್ನೇ ಬಿಗಿದು ಕಟ್ಟುತ್ತೇವೆ ಎಂದವರನ್ನು ಬಿಟ್ಟು, ಚಿಕ್ಕದನ್ನು ಹುಡುಕಿ ತಂದ ಹುಡುಗನ ಹರಿಗೋಲು ಹತ್ತಿದೆವು. ಒಳಗೆ ಕುಳಿತಾಗ ಮಗಳು ನೀರನ್ನು ನೋಡದೆ ಹರಿಗೋಲನ್ನೇ ನೋಡತೊಡಗಿದಳು. ಸೀಳಿದ ಬಿದಿರ ದಬ್ಬೆಗಳ ಹೆಣಿಗೆ, ನಡುವಿನಲ್ಲಿ ಹತ್ತಿರ ಹತ್ತಿರ, ಅಂಚಿಗೆ ಬಂದಂತೆ ಅಗಲ ಅಗಲ. ಹೊರಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. "ಮೊದಲೆಲ್ಲ ಚರ್ಮ ಹೊದಿಸುತ್ತಿದ್ದರು ಅಕ್ಕಾ, ನಮ್ಮ ತಾತ ಹೇಳುತ್ತಿದ್ದರು" ಎಂದ ಹುಡುಗ. ವಿಜಯನಗರದ ಕಾಲದಲ್ಲಿ ಇಲ್ಲಿಗೆ ಬಂದ ವಿದೇಶಿಯರು ನೋಡಿ ಬರೆದಿಟ್ಟ ಬುಟ್ಟಿದೋಣಿ ಇದೇ. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ ಮಾತ್ರ. ಹುಟ್ಟನ್ನು ಒಂದೇ ಕಡೆ ಹಾಕಿದರೆ ಹರಿಗೋಲು ಗಿರಗಿರ ತಿರುಗುತ್ತದೆ. ಹುಡುಗ ಹಾಗೆ ತಿರುಗಿಸಲು ಹೊರಟಾಗ ಚಿಕ್ಕವನಿದ್ದಾನೆ, ಬೇಡಪ್ಪ ಎಂದೆ. ಅವನು ಕೂಡಲೇ ನಿಲ್ಲಿಸಿ ದಡದ ಉದ್ದಕ್ಕೇ ನಿಧಾನವಾಗಿ ಕರೆದೊಯ್ದ.

ಮತ್ತೊಂದು ಬೆಳಿಗ್ಗೆ ಒನಕೆ ಕಿಂಡಿಗೆ ನಡೆದೆವು. ಗುಡ್ಡಗಳ ನಡುವಿನ ಈ ಜಾಗದಲ್ಲಿ ಬಂಡೆಯ ಮೇಲೆ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳಿವೆ. ಮನುಷ್ಯರ, ಪ್ರಾಣಿಗಳ ಆಕೃತಿಗಳು. ದೊಡ್ಡ ಕೋಟೆ, ದೊಡ್ಡ ಗುಡಿಯ ಮುಂದೆ ಆರು ವರ್ಷದ ಮಗು ಚಿಕ್ಕದಾಗುತ್ತದೆ. ಈ ಗೆರೆಯ ಮನುಷ್ಯರ ಮುಂದೆ ಹಾಗಾಗಲಿಲ್ಲ. "ನಾನೂ ಕೈಕಾಲನ್ನು ಹೀಗೆಯೇ ಬರೆಯುತ್ತೇನೆ" ಎಂದು ಖುಷಿಪಟ್ಟಳು. ಮುಟ್ಟಬಾರದು, ನೀರು ಎರಚಬಾರದು ಎಂದು ಹೇಳಿದೆ. ಪಕ್ಕದ ಕಲ್ಲುಗಳ ಮೇಲೆ ಯಾರೋ ಗೀಚಿದ ಹೆಸರುಗಳನ್ನು ನೋಡಿ ನನ್ನ ಹೊಟ್ಟೆ ಉರಿಯಿತು.

ಇಟಗಿಯ ಮಹಾದೇವ ದೇವಾಲಯವನ್ನೂ ಸೇರಿಸುವ ಆಸೆ ನನ್ನವರಿಗಿತ್ತು. 1112ರಲ್ಲಿ ಕಟ್ಟಿದ, ದೇವಾಲಯ ಚಕ್ರವರ್ತಿ ಎಂದು ಶಾಸನವೇ ಹೊಗಳಿದ ಗುಡಿ, ಕೊಪ್ಪಳಕ್ಕೆ ಬಂದು ಅದನ್ನು ಬಿಡುವುದೇ ಎಂದು ಕೇಳಿದರು. ನಾನು ಚಳಿಗಾಲಕ್ಕೆ ಎಂದೆ. ಅರ್ಧ ದಿನಕ್ಕೆ ಒಂದೇ ಜಾಗ ಎಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ. ಬದಲಿಗೆ ಒಂದು ದಿನ ನಸುಕಿನಲ್ಲೇ ಹೊರಟು ಕಿನ್ನಾಳಕ್ಕೆ ಹೋದೆವು. ಕೊಪ್ಪಳದ ಬಳಿಯ ಈ ಊರಿನ ಚಿತ್ರಗಾರರ ಮನೆಗಳಲ್ಲಿ ನೆರಳಿನಲ್ಲಿ ಕುಳಿತು ನೋಡುವ ಕೆಲಸ ನಡೆಯುತ್ತದೆ, ಮಕ್ಕಳಿಗೆ ಅದಕ್ಕಿಂತ ಬೇರೆ ಬೇಡ. ಹಗುರವಾದ ಮರದ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ ಬೊಂಬೆ ಮಾಡುತ್ತಾರೆ. ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿದ ಗೋಣಿನಾರನ್ನು ಮರದ ಹೊಟ್ಟು, ಹುಣಸೆ ಅಂಟಿನೊಂದಿಗೆ ಕಲಸಿದರೆ ಕಿಟ್ಟ. ಮೂಗು, ಕಿವಿ, ಬೆರಳು ಮೂಡುವುದು ಈ ಕಿಟ್ಟದಿಂದ. ಆಭರಣದ ಉಬ್ಬು ಗೆರೆಗಳಿಗೆ ಕಲ್ಲಿನ ಪುಡಿಯ ಸರಿ. ಕೊನೆಗೆ ಬಣ್ಣ.

ಹಿರಿಯ ಕಲಾವಿದರೊಬ್ಬರು ಮಗಳ ಅಂಗೈಗೆ ಅಡಿಕೆಯಷ್ಟು ಕಿಟ್ಟ ಇಟ್ಟು, "ಒಂದು ಕಿವಿ ಮಾಡು ಮಗಳೇ" ಎಂದರು. ಮುಂದಿದ್ದದ್ದು ಬಣ್ಣ ಕಾಣದ ಹಸು. ಅವಳು ಉಂಡೆಯನ್ನು ಒತ್ತಿ ಎಲೆಯಾಕಾರ ಮಾಡಿ ಹಸುವಿನ ತಲೆಗೆ ಅಂಟಿಸಿದಳು. ಒಂದು ಕ್ಷಣ ನಿಂತು ಜೋತುಬಿತ್ತು. ಅವರು ಬೆರಳಿಗೆ ನೀರು ಮುಟ್ಟಿಸಿಕೊಂಡು ಕಿವಿಯ ಬುಡವನ್ನು ಎರಡು ಬಾರಿ ಸವರಿದರು, ಅಷ್ಟೇ, ನಿಂತಿತು. "ಬುಡದಲ್ಲಿ ಒದ್ದೆ ಇರಬೇಕು, ತುದಿಯಲ್ಲಿ ಒಣ ಇರಬೇಕು" ಎಂದರು. ಅವಳು ಉಸಿರು ಬಿಗಿಹಿಡಿದು ಎರಡನೆಯ ಕಿವಿ ಮಾಡಿದಳು. ಅದೂ ನಿಂತಿತು, ಮೊದಲನೆಯದಕ್ಕಿಂತ ಕೊಂಚ ದೊಡ್ಡದಾಗಿ. ಸರಿಪಡಿಸಲೇ ಎಂದು ಅವರು ಅವಳನ್ನೇ ಕೇಳಿದರು, ಬೇಡವೆಂದಳು, ಹಾಗೆಯೇ ಬಿಟ್ಟರು. ಮಗುವಿನ ಕೆಲಸಕ್ಕೆ ಅಷ್ಟು ಮರ್ಯಾದೆ ಕೊಡುವವರನ್ನು ನಾನು ಕಂಡದ್ದು ಕಡಿಮೆ. ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಆದರೂ ಕೊಳ್ಳುವವರು ಬಾಗಿಲಿಗೆ ಬಂದರೆ ತಾನೇ ಈ ಕೆಲಸ ಉಳಿಯುವುದು? ಮಾಲ್‌ಗಳಲ್ಲಿ ಪ್ಲಾಸ್ಟಿಕ್ ಬೊಂಬೆಗೆ ಕೊಡುವ ದುಡ್ಡನ್ನು ಇಲ್ಲಿಗೆ ತನ್ನಿ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ. ನಾವು ಒಂದು ಜೋಡಿ ಗಿಳಿ ಕೊಂಡೆವು. ದೊಡ್ಡ ಕಿವಿಯ ಹಸು ಒಣಗಬೇಕು, ಬಣ್ಣವಾಗಬೇಕು, ಅಂಚೆಯಲ್ಲಿ ಬರುತ್ತದೆ.

ಊಟದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಮನೆಯ ಊಟವೇ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ದೊಡ್ಡವರಿಗೆ ಜೊತೆಗೆ ಮಿರ್ಚಿ. ಮಧ್ಯಾಹ್ನ ಗಂಗಾವತಿಯ ಅನ್ನ, ಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ರಾತ್ರಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕಲ್ಲಂಗಡಿಯನ್ನು ಇಡಿಯಾಗಿ ತಂದು ಮನೆಯಲ್ಲೇ ಕೊಯ್ದೆವು. ರಸ್ತೆಬದಿಯಲ್ಲಿ ಹೆಚ್ಚಿಟ್ಟ ಹಣ್ಣನ್ನೂ ಐಸ್ ಹಾಕಿದ ಪಾನಕವನ್ನೂ ಮಕ್ಕಳಿಗೆ ಕೊಡಲಿಲ್ಲ. ಎಳನೀರು ಮಾತ್ರ ಕಂಡಲ್ಲೆಲ್ಲ.

ರಾತ್ರಿ ಮಾಳಿಗೆಯ ಮೇಲೆ ಸಾಲಾಗಿ ಹಾಸಿಗೆ, ಗದ್ದೆಯ ಊರಾದ್ದರಿಂದ ಸೊಳ್ಳೆಪರದೆ ಕಡ್ಡಾಯ. ಏಪ್ರಿಲ್‌ನಲ್ಲಿ ಸಪ್ತರ್ಷಿ ಮಂಡಲ ಸಂಜೆಯಿಂದಲೇ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕೆ ಅಂಟಿಕೊಂಡ ಸಣ್ಣ ಚುಕ್ಕಿ ಅರುಂಧತಿ ಎಂದು ಅಜ್ಜಿ ಮಲಗಿಕೊಂಡೇ ತೋರಿಸಿದರು. ಅವರಿಗೆ ಈಗ ಅದು ಕಾಣುವುದಿಲ್ಲ, ಇರುವ ಜಾಗ ಗೊತ್ತು. ಮಗಳಿಗೆ ಕಂಡಿತು. ಮಗ ಅಷ್ಟರಲ್ಲಿ ನಿದ್ದೆಹೋಗಿರುತ್ತಿದ್ದ.

ಈಗ ಮನೆಯಲ್ಲಿ ಡಿಸೆಂಬರ್ ರಜೆಯ ಚರ್ಚೆ ನಡೆದಿದೆ. ಇಟಗಿ ನನ್ನವರ ಪಟ್ಟಿಯಲ್ಲಿ ಮೊದಲನೆಯದು. ನನಗೆ ಹಿರೇಬೆಣಕಲ್ ಬೆಟ್ಟ ಹತ್ತಬೇಕು. ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮಾಡಿದ ಬೃಹತ್ ಶಿಲಾಯುಗದ ಸಮಾಧಿಮನೆಗಳು, ಬಡಿದರೆ ನಗಾರಿಯ ಸದ್ದು ಕೊಡುವ ಬಂಡೆ ಅಲ್ಲಿವೆ. ನೆರಳಿಲ್ಲದ ಆ ಹಾದಿಗೆ ಮಕ್ಕಳನ್ನು ಬೇಸಿಗೆಯಲ್ಲಿ ಕರೆದೊಯ್ಯುವಂತಿಲ್ಲ. ಮಗಳು ಮಾತ್ರ ಬಳ್ಳಾರಿ ಕಡೆಯ ದರೋಜಿ ಎಂದು ಪಟ್ಟು ಹಿಡಿದಿದ್ದಾಳೆ. 1994ರಿಂದ ಅಲ್ಲಿ ಕರಡಿಧಾಮವಿದೆ, ಹೊತ್ತು ಇಳಿದಂತೆ ಕರಡಿಗಳು ಗುಡ್ಡದಿಂದ ಕೆಳಗಿಳಿದು ಬರುತ್ತವೆ ಎಂದು ಅವಳಿಗೆ ಹರಿಗೋಲಿನ ಹುಡುಗ ಹೇಳಿದ್ದಾನೆ. ಕರಡಿಗಳೂ ಮಧ್ಯಾಹ್ನ ಗುಹೆಯಲ್ಲಿ ಚೌಕಾಬಾರ ಆಡುತ್ತವೆಯೇ ಎಂದು ನಿನ್ನೆ ತಮ್ಮ ಕೇಳಿದ. ಆಡುತ್ತವೆ, ಆದರೆ ಹುಣಸೆ ಬೀಜವನ್ನೇ ತಿಂದುಬಿಡುತ್ತವೆ ಎಂದು ಅವಳು ಉತ್ತರಿಸಿದ್ದು ಕೇಳಿಸಿತು.